ಬಿಡಿಯಾಗಿ ಸಿಗದ ವಾಷರ್

ಜೂನ್ ೩

ಪ್ರೀತಿಯ ಕುಳ್ಳನಿಗೆ ಅಕ್ಕನ ಆಶೀರ್ವಾದ.

ನೀನು ಈಗ ನನಗಿಂತ ಒಂದು ಗೇಣು ಎತ್ತರವಿದ್ದೀಯ. ಆದರೂ ಕಾಗದ ಬರೆಯಲು ಕೂತರೆ ಕೈಗೆ ಹಳೆಯ ಹೆಸರೇ ಬರುತ್ತದೆ. ಫೋನ್ ಮಾಡು, ಫೋನ್ ಮಾಡು ಎಂದು ಪ್ರತಿ ಸಲ ಹೇಳಬೇಡ. ಇಷ್ಟು ವರ್ಷ ಮೋಟಾರುಗಳ ಪಕ್ಕದಲ್ಲಿ ಕೂತು ಕಿವಿ ಮಂದವಾಗಿದೆ. ಎದುರು ನಿಂತು ಗಟ್ಟಿಯಾಗಿ ಹೇಳಿದರೆ ಕೇಳುತ್ತದೆ, ಫೋನಿನೊಳಗಿಂದ ಹೇಳಿದರೆ ಗುಂಯ್ ಅನ್ನುತ್ತದೆ. ಆದ್ದರಿಂದ ಕಾಗದವೇ ಸರಿ.

ಲಕೋಟೆಯಲ್ಲಿ ಒಂದು ರಬ್ಬರ್ ವಾಷರ್ ಇಟ್ಟಿದ್ದೇನೆ, ಕಸವೆಂದು ಎಸೆಯಬೇಡ. ಟೀಚರಮ್ಮನ ವಾಷಿಂಗ್ ಮೆಷಿನ್‌ನಿಂದ ಬಿಚ್ಚಿದ್ದು. ನಮ್ಮ ರಿಪೇರಿ ಅಂಗಡಿಯ ನಿಯಮ ನಿನಗೆ ಗೊತ್ತಲ್ಲ. ಬಿಚ್ಚಿದ ಹಳೆಯ ಭಾಗವನ್ನು ಒಡೆಯರ ಕೈಗೇ ಕೊಡಬೇಕು, ಹೊಸದರ ಡಬ್ಬದ ಮೇಲಿನ ಬೆಲೆಯನ್ನು ಅವರ ಕಣ್ಣಿಗೆ ತೋರಿಸಬೇಕು. ಇದನ್ನು ಮಾತ್ರ ಅವರನ್ನು ಕೇಳಿ ನಿನಗೆ ಕಳಿಸುತ್ತಿದ್ದೇನೆ.

ವಿಷಯ ಇಷ್ಟೇ. ಮೆಷಿನ್ ನಿಮ್ಮ ಕಂಪನಿಯದು. ನೀರು ಹೊರಗೆ ಹಾಕುವ ಪಂಪು ಸೋರುತ್ತಿದೆ. ಪಂಪಿಗೆ ಏನೂ ಆಗಿಲ್ಲ, ಒಳಗಿನ ಈ ವಾಷರ್ ಹರಿದಿದೆ. ಒಂದು ಲೋಟ ಟೀಯ ದುಡ್ಡಿಗೆ ಸಿಗುತ್ತಿದ್ದ ವಸ್ತು. ಈಗ ಡೀಲರ್ ಹೇಳುತ್ತಾನೆ, "ವಾಷರ್ ಬಿಡಿಯಾಗಿ ಬರೋದು ನಿಂತುಹೋಯ್ತಮ್ಮ. ಬೇಕಾದ್ರೆ ಪೂರ್ತಿ ಪಂಪು ಸೆಟ್ಟೇ ತಗೊಳ್ಳಿ." ಸೆಟ್ಟಿನ ಬೆಲೆ ಕೇಳಿ ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಹಳೆಯ ಮೆಷಿನ್ ಮಾರಿದರೂ ಅಷ್ಟು ಹುಟ್ಟುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಟೀಚರಮ್ಮನಿಗೆ ಹೇಗೆ ಹೇಳಲಿ? ನಿನಗೂ ನನಗೂ ಮಗ್ಗಿ ಕಲಿಸಿದವರು. ನಿನ್ನ ಭಾವ ತೀರಿಕೊಂಡ ಮೇಲೆ ಹೆಂಗಸು ಏನು ರಿಪೇರಿ ಮಾಡಿಯಾಳು ಎಂದು ಬೀದಿಯೆಲ್ಲ ಸುಮ್ಮನಿದ್ದಾಗ, ಚೆನ್ನಾಗಿಯೇ ಇದ್ದ ಇಸ್ತ್ರಿಪೆಟ್ಟಿಗೆಯನ್ನು ಕೆಟ್ಟಿದೆ ಎಂದು ಸುಳ್ಳು ಹೇಳಿ ತಂದುಕೊಟ್ಟು ನನ್ನ ಅಂಗಡಿಗೆ ಬೋಣಿ ಮಾಡಿದವರು. ಅವರನ್ನು ನೋಡಿಯೇ ಬೇರೆಯವರು ಬಂದದ್ದು.

ನೀನು ಅದೇ ಕಂಪನಿಯ ಗೋಡೌನಿನಲ್ಲಿ ಡಬ್ಬ ಎಣಿಸಿಕೊಂಡು ಇದ್ದೀಯಲ್ಲ, ಸ್ವಲ್ಪ ವಿಚಾರಿಸು. ಈ ಬೆಲೆ ಇಡುವ ಪುಣ್ಯಾತ್ಮ ಯಾರು? ಯಾವ ಲೆಕ್ಕದಲ್ಲಿ ಇಡುತ್ತಾನೆ? ನನಗೆ ತಲೆಬುಡ ತಿಳಿಯುತ್ತಿಲ್ಲ.

ನಿನ್ನ ಅಕ್ಕ


ಜೂನ್ ೧೪

ಅಕ್ಕನಿಗೆ ನಮಸ್ಕಾರ.

ಕಾಗದವೂ ವಾಷರೂ ತಲುಪಿದವು. ವಾಷರನ್ನು ಮೇಜಿನ ಮೇಲೆ ಪೆನ್ನುಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ನಿನ್ನ ಕಿವಿಯನ್ನು ಡಾಕ್ಟರಿಗೆ ತೋರಿಸಿದೆಯಾ? ಪ್ರತಿ ಸಲ ಕೇಳುತ್ತೇನೆ, ಪ್ರತಿ ಸಲ ನೀನು ಉತ್ತರ ಕೊಡದೆ ಜಾರಿಕೊಳ್ಳುತ್ತೀಯ.

ಬೆಲೆ ಯಾರು ಇಡುತ್ತಾರೆ ಎಂದು ಕೇಳಿದ್ದೀಯ. ಒಬ್ಬರನ್ನು ತೋರಿಸಿ ಇವರೇ ಎನ್ನುವುದು ಕಷ್ಟ. ಅದೊಂದು ವಿಭಾಗ. ಅವರಿಗೂ ಕಾರಣಗಳಿರುತ್ತವೆ. ಮಾಡೆಲ್ ನಿಂತುಹೋದರೂ ಅದರ ಭಾಗಗಳನ್ನು ಹತ್ತು ವರ್ಷ ಗೋಡೌನಿನಲ್ಲಿ ಇಡಬೇಕು, ಅದರ ಬಾಡಿಗೆ ಇದೆ. ಮತ್ತೆ, ಸೆಟ್ಟನ್ನು ಕಾರ್ಖಾನೆಯಲ್ಲೇ ಪರೀಕ್ಷೆ ಮಾಡಿ ಕಳಿಸುತ್ತಾರೆ. ವಾಷರ್ ಒಂದನ್ನೇ ಬದಲಾಯಿಸಿದರೆ ಕೆಲವು ತಿಂಗಳಿಗೆ ಮತ್ತೆ ಸೋರಬಹುದು, ರಿಪೇರಿ ಮಾಡುವವರು ಮತ್ತೆ ಮೆಷಿನ್ ಬಿಚ್ಚಬೇಕು, ಬಗ್ಗಿ ಕೂತು ಬೆನ್ನು ನೋಯಿಸಿಕೊಳ್ಳಬೇಕು. ಯಾರೋ ಒಳ್ಳೆಯ ಯೋಚನೆಯಿಂದಲೇ ಮಾಡಿರಬೇಕು, ಅಕ್ಕ. ಎಲ್ಲವನ್ನೂ ಮೋಸವೆಂದುಕೊಳ್ಳಬೇಡ.

ಟೀಚರಮ್ಮನಿಗೆ ಸ್ವಲ್ಪ ದಿನ ತಡೆಯಲು ಹೇಳು. ಬೆಲೆ ಇಳಿಯಬಹುದು ಎಂದು ಇಲ್ಲಿ ಮಾತು ಕೇಳಿಬರುತ್ತಿದೆ. ನಾನು ಹೇಳಿದೆ ಎಂದು ಮಾತ್ರ ಯಾರಿಗೂ ಹೇಳಬೇಡ.

ಇಂತಿ ನಿನ್ನ ತಮ್ಮ


ಜೂನ್ ೨೬

ಕುಳ್ಳಾ,

ನಿನ್ನ ಕಾರಣಗಳನ್ನು ಬೀದಿಯವರ ಮುಂದೆ ಇಟ್ಟೆ. ಇಡಬಾರದಿತ್ತು.

ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದ ಸೆಟ್ಟು, ಅದಕ್ಕೇ ಬಿಡಿ ವಾಷರ್ ಕೊಡುವುದಿಲ್ಲ ಎಂದೆ. ಎದುರು ಅಂಗಡಿಯ ದರ್ಜಿ ಕತ್ತರಿ ಕೆಳಗಿಟ್ಟ. "ಹಾಗಾದ್ರೆ ಗುಂಡಿ ಕಿತ್ತುಹೋಯ್ತು ಅಂತ ಬಂದೋರಿಗೆ ನಾನು ಅಂಗೀನೇ ಮಾರ್ಬೇಕು. ಅಂಗೀನೂ ನಾನು ಪರೀಕ್ಷೆ ಮಾಡೇ ಹೊಲಿದಿರ್ತೀನಿ!" ಹತ್ತು ವರ್ಷದ ಗೋಡೌನ್ ಬಾಡಿಗೆ ಎಂದೆ. ಬೇಕರಿಯವನು, "ಹತ್ತು ವರ್ಷ ಕೂತ ಮಾಲಿಗೆ ಬೆಲೆ ಇಳಿಸ್ತಾರೋ ಏರಿಸ್ತಾರೋ? ನಾನು ನಿನ್ನೆಯ ಬ್ರೆಡ್ಡನ್ನೇ ಅರ್ಧಕ್ಕೆ ಕೊಡ್ತೀನಿ" ಎಂದ. ಅವರು ಹೇಳಿದ್ದು ಸರಿ ಅನ್ನಿಸಿತು, ನೀನು ಬರೆದದ್ದೂ ಸರಿ ಅನ್ನಿಸಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ನಾನು ನಡುವೆ ನಿಂತಿದ್ದೇನೆ.

ಬೆನ್ನು ನೋವಿನ ಮಾತು ಬರೆದಿದ್ದೀಯಲ್ಲ, ಅದನ್ನು ಯಾರಿಗೂ ಹೇಳಲಿಲ್ಲ. ನಿಮ್ಮ ಕಂಪನಿಯವನಿಗೆ ನನ್ನ ಬೆನ್ನಿನ ಚಿಂತೆ ಯಾಕೆ? ಓದಿ ನಗು ಬಂತು.

ನಿನ್ನ ಮಾತು ನಂಬಿ ಟೀಚರಮ್ಮನಿಗೆ ತಡೆಯಲು ಹೇಳಿದ್ದೇನೆ. "ನೀನು ಹೇಳಿದ್ಮೇಲೆ ಮುಗೀತು, ನಿಧಾನಕ್ಕೆ ಮಾಡು" ಎಂದರು. ಕೈಯಲ್ಲೇ ಬಟ್ಟೆ ಒಗೆದುಕೊಳ್ಳುತ್ತಿದ್ದಾರೆ. ಹೋದ ವರ್ಷ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರಲ್ಲ, ಅದೇ ಕೈ. ಬಟ್ಟೆ ಹಿಂಡಲು ಆಗದೆ ಹಾಗೇ ತಂತಿಗೆ ಹಾಕುತ್ತಾರೆ, ಅಂಗಳವೆಲ್ಲ ನೀರು. ಬೇಗ ಏನಾದರೂ ತಿಳಿಸು.

ಅಕ್ಕ


ಜುಲೈ ೫

ಅಕ್ಕಾ,

ಸಂತೋಷದ ಸುದ್ದಿ. ಪಂಪು ಸೆಟ್ಟಿನ ಬೆಲೆ ಅರ್ಧಕ್ಕೆ ಇಳಿದಿದೆ! ಈ ಕಾಗದ ನಿನಗೆ ತಲುಪುವ ಹೊತ್ತಿಗೆ ನಿಮ್ಮ ಡೀಲರನಿಗೂ ತಿಳಿದಿರುತ್ತದೆ. ತಕ್ಷಣ ತೆಗೆದುಕೋ. ಟೀಚರಮ್ಮನದು ಹಾಕಿ ಮುಗಿಸು, ಇನ್ನೂ ನಾಲ್ಕಾರು ತಂದು ಇಟ್ಟುಕೋ. ಬೇರೆ ಮೆಕ್ಯಾನಿಕ್‌ಗಳಿಗೂ ಹೇಳು. ಎಷ್ಟು ಹೆಚ್ಚು ಜನ ಕೊಂಡರೆ ಅಷ್ಟು ಒಳ್ಳೆಯದು. ಯಾಕೆ ಎಂದು ಮಾತ್ರ ಕೇಳಬೇಡ.

ಇವತ್ತು ಕ್ಯಾಂಟೀನಿನಲ್ಲಿ ಎರಡು ಸಲ ಊಟ ಮಾಡಿದೆ. ಅಷ್ಟು ಹಗುರವಾಗಿದೆ ಮನಸ್ಸು.

ತಮ್ಮ


ಜುಲೈ ೧೮

ಕುಳ್ಳಾ,

ನಿನ್ನ ಕಾಗದ ಓದಿ ಡೀಲರ್ ಹತ್ತಿರ ಓಡಿದೆ. ಅವನಿಗೆ ಇನ್ನೂ ಗೊತ್ತೇ ಇರಲಿಲ್ಲ! ಎರಡು ದಿನದ ಮೇಲೆ ಅವನೇ ಅಂಗಡಿಗೆ ಬಂದು, "ಏನಮ್ಮ, ಜ್ಯೋತಿಷ್ಯ ಗೀತಿಷ್ಯ ಕಲಿತಿದ್ದೀರಾ?" ಎಂದ. ಬೆಲೆ ಇಳಿದದ್ದು ನಿಜ.

ನಾನು ತೆಗೆದುಕೊಂಡಿಲ್ಲ.

ಸಿಟ್ಟಾಗಬೇಡ, ಕೇಳು. ನಮ್ಮ ಕಸುಬಿನಲ್ಲಿ ಬಿಡಿಭಾಗದ ಬೆಲೆ ಏರುವುದಕ್ಕೆ ನೂರು ಕಾರಣ, ಇಳಿಯುವುದಕ್ಕೆ ಒಂದೇ: ಮಾಲು ಕೆಟ್ಟಿದೆ. ನಿನ್ನ ಭಾವ ಇದ್ದಾಗ ಹೀಗೇ ಹೀಟರ್ ಕಾಯಿಲ್ ಬೆಲೆ ದಿಢೀರನೆ ಬಿತ್ತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂದು ಎಲ್ಲರೂ ತಂದರು. ಒಂದೊಂದಾಗಿ ಸುಟ್ಟುಹೋದವು. ಬೈಸಿಕೊಂಡವರು ಹಾಕಿದವರು, ಮಾರಿದವರಲ್ಲ. ಆಮೇಲಿಂದ ಈ ಬೀದಿಯ ಮೆಕ್ಯಾನಿಕ್‌ಗಳೆಲ್ಲ ಇಳಿದ ಮಾಲನ್ನು ಮುಟ್ಟುವುದಿಲ್ಲ.

ಡಬ್ಬ ನೋಡಿದೆ. ಅಚ್ಚಾದ ಬೆಲೆಯ ಮೇಲೆ ಹೊಸ ಚೀಟಿ ಅಂಟಿಸಿದ್ದಾರೆ. ಅದೇ ನನ್ನ ಅನುಮಾನ ಹೆಚ್ಚಿಸಿತು. ಪಂಪು ತೆಗೆದು ಮೂಸಿದೆ, ಉಗುರಿನಿಂದ ಕೆರೆದೆ, ರಬ್ಬರನ್ನು ಎಳೆದು ನೋಡಿದೆ. ಏನೂ ತಪ್ಪು ಕಾಣಲಿಲ್ಲ. ಏನೂ ಕಾಣಲಿಲ್ಲ ಎಂದರೆ ಒಳಗೆಲ್ಲೋ ಇದೆ ಎಂದೇ ಅರ್ಥ. ಮೆಕ್ಯಾನಿಕ್‌ಗಳಿಗೆಲ್ಲ ಹೇಳು ಎಂದು ನೀನು ಬರೆದಿದ್ದೆ. ಹೇಳಿದ್ದೇನೆ, ಯಾರೂ ಕೊಳ್ಳಬೇಡಿ ಎಂದು. ಟೀಚರಮ್ಮನಿಗೂ ಇನ್ನೊಂದಿಷ್ಟು ದಿನ ತಡೆಯಿರಿ, ಡೂಪ್ಲಿಕೇಟ್ ಇರಬಹುದು ಎಂದೆ.

ಒಂದು ವಿಷಯ ನಿದ್ದೆ ಕೆಡಿಸುತ್ತಿದೆ. ಡೀಲರನಿಗೂ ತಿಳಿಯದ್ದು ನಿನಗೆ ಹೇಗೆ ಮೊದಲೇ ತಿಳಿಯಿತು? ಬಾಗಿಲ ಸಂದಿಯಲ್ಲಿ ನಿಂತು ದೊಡ್ಡವರ ಮಾತು ಕೇಳಿಸಿಕೊಳ್ಳುತ್ತಿದ್ದೀಯಾ? ನನಗಾಗಿ ಕೆಲಸ ಕಳೆದುಕೊಳ್ಳುವ ಹುಚ್ಚುತನ ಮಾಡಬೇಡ. ಡಬ್ಬ ಎಣಿಸುವವನು ಡಬ್ಬ ಎಣಿಸಿಕೊಂಡಿರು.

ಅಕ್ಕ


ಜುಲೈ ೨೮

ಅಕ್ಕಾ,

ದಯವಿಟ್ಟು ತೆಗೆದುಕೋ. ಮಾಲು ಅಸಲಿ. ಮೊದಲು ಬರುತ್ತಿದ್ದದ್ದೇ, ಅದೇ ಕಾರ್ಖಾನೆ, ಅದೇ ರಬ್ಬರ್. ಬೆಲೆ ಮಾತ್ರ ಇಳಿದಿದೆ. ಹೇಗೆ ಗೊತ್ತು ಎಂದು ಕಾಗದದಲ್ಲಿ ಬರೆಯಲಾರೆ, ಆದರೆ ನನಗೆ ಖಂಡಿತವಾಗಿ ಗೊತ್ತು. ತಿಂಗಳು ಮುಗಿಯುವ ಮೊದಲು ಒಂದಾದರೂ ಕೊಳ್ಳು. ಎಲ್ಲರಿಗೂ ಕೊಳ್ಳಲು ಹೇಳು. ಒಂದು ಸಲ ಕಣ್ಣು ಮುಚ್ಚಿ ನನ್ನ ಮಾತು ನಂಬು.

ತಮ್ಮ


ಆಗಸ್ಟ್ ೬

ಕುಳ್ಳಾ,

ನಿನ್ನ ಕಾಗದ ತಲುಪಿದ್ದು ನಾಲ್ಕನೇ ತಾರೀಕು. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಬೆಲೆ ಮತ್ತೆ ಏರಿದೆ. ಮೊದಲಿದ್ದಲ್ಲಿಗೆ ಅಲ್ಲ, ಅದಕ್ಕಿಂತಲೂ ಮೇಲೆ. ಮಾಲು ಕೆಟ್ಟಿದ್ದರೆ ಯಾಕೆ ಏರಿಸುತ್ತಾರೆ? ಕೆಟ್ಟಿಲ್ಲದಿದ್ದರೆ ಯಾಕೆ ಇಳಿಸಿದರು? ಕೂತು ಎಷ್ಟು ಯೋಚಿಸಿದರೂ ನನಗೆ ಹೊಳೆಯಲಿಲ್ಲ. ಕೊನೆಗೆ ಟೀಚರಮ್ಮನ ಮಣಿಕಟ್ಟು ನೋಡಲಾಗದೆ, ಆದದ್ದಾಗಲಿ ಎಂದು ಒಂದು ಸೆಟ್ಟು ತಂದೆ. ಅವರನ್ನು ಕರೆದು ನಿಯಮದಂತೆ ಡಬ್ಬ ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಮೇಲಿನ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು. ಕೆಳಗೆ ಅರ್ಧ ಬೆಲೆಯ ಚೀಟಿ. ಅದನ್ನೂ ಎಬ್ಬಿಸಿದರು. ಕೆಳಗೆ ಅಚ್ಚಾದ ಬೆಲೆ. ಆಮೇಲೆ ನನಗೆ ಕೇಳಲೆಂದು ಗಟ್ಟಿಯಾಗಿ, ಬೀದಿಗೂ ಕೇಳುವ ಹಾಗೆ ಕೇಳಿದರು:

"ಅರ್ಧ ಇದ್ದಾಗ ತಡೀರಿ ಅಂದೆ. ಏರಿದ ಮೇಲೆ ಬನ್ನಿ ಅಂತೀಯ. ಈ ಚೀಟಿ ಯಾರು ಅಂಟಿಸಿದ್ದಮ್ಮ?"

"ನಾನಲ್ಲ ಟೀಚರಮ್ಮ, ಕಂಪನಿಯೋರು."

"ನಿನ್ನ ತಮ್ಮ ಅಲ್ಲೇ ಇದ್ದಾನಲ್ಲ?"

"ಅವನು ಡಬ್ಬ ಎಣಿಸೋನು. ಪಾಪ, ಅವನಿಗೇನು ಗೊತ್ತು? ಆಣೆ ಮಾಡಿ ಹೇಳ್ತೀನಿ, ಬೆಲೆಗೂ ಅವನಿಗೂ ಸಂಬಂಧ ಇಲ್ಲ."

ಅವರು ತಲೆಯಾಡಿಸಿದರು. ನಂಬಿದ ತಲೆಯಾಟವಲ್ಲ ಅದು. ಕೈಗಾಡಿಯವನನ್ನು ಕರೆದು, ಹಿಂದಿನ ಮುಚ್ಚಳ ಬಿಚ್ಚಿದ್ದ ಮೆಷಿನ್ನನ್ನು ಹಾಗೆಯೇ ಹೇರಿಸಿಕೊಂಡು ಹೋದರು. ದರ್ಜಿ ನೋಡುತ್ತಿದ್ದ, ಬೇಕರಿಯವನು ನೋಡುತ್ತಿದ್ದ. ಮರುದಿನದಿಂದ ನನ್ನ ಅಂಗಡಿಯ ಮುಂದೆ ಮಿಕ್ಸಿ ಹಿಡಿದವರು ತಲೆ ತಗ್ಗಿಸಿಕೊಂಡು ದಾಟಿಹೋಗುತ್ತಿದ್ದಾರೆ. ಇಬ್ಬರು ರಿಪೇರಿಗೆ ಕೊಟ್ಟದ್ದನ್ನು ಹಾಗೆಯೇ ವಾಪಸು ಒಯ್ದರು.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನನ್ನದು ಒಂದು ವಾಷರಿಗೆ ಹೋಯಿತು. ಈ ಅಂಗಡಿಯಲ್ಲಿ ನನ್ನ ಮಾತು ಬಿಟ್ಟು ಇನ್ನೇನಿತ್ತು? ಗಂಡ ಬಿಟ್ಟುಹೋದ ಸ್ಕ್ರೂಡ್ರೈವರುಗಳಂಥವು ಎಲ್ಲರ ಹತ್ತಿರವೂ ಇವೆ. ಆ ಬೆಲೆ ಇಳಿಸಿ ಏರಿಸಿದವನು ಯಾವನೋ, ಅವನ ಕೈ ಸೇದಿಹೋಗಲಿ. ನೀನು ಅವನನ್ನು ಎಂದಾದರೂ ಕಂಡರೆ ನಾನು ಹೀಗೆಂದೆ ಎಂದು ಹೇಳು.

ಅಕ್ಕ


ಆಗಸ್ಟ್ ೧೭

ಅಕ್ಕಾ,

ಕಂಡೆ. ಹೇಳಿದೆ. ದಿನಾ ಕನ್ನಡಿಯಲ್ಲಿ ಕಾಣುತ್ತಾನೆ.

ನಾನು ಗೋಡೌನಿನಲ್ಲಿದ್ದದ್ದು ಮೊದಲ ಎರಡು ವರ್ಷ. ಆಮೇಲೆ ಬೆಲೆ ವಿಭಾಗಕ್ಕೆ ಬಂದೆ. ನಿನಗೆ ಹೇಳಬೇಕೆಂದುಕೊಂಡಾಗಲೆಲ್ಲ ನೀನು ಯಾವುದಾದರೊಂದು ಭಾಗದ ಬೆಲೆಗೆ ಬೈದು ಬರೆದಿರುತ್ತಿದ್ದೆ. ಹೇಳದೆ ಹೇಳದೆ ಅದೇ ರೂಢಿಯಾಯಿತು. ಪಂಪು ಸೆಟ್ಟಿನ ಬೆಲೆ ನನ್ನ ಮೇಜಿನಿಂದಲೇ ಹೋದದ್ದು. ವಾಷರನ್ನು ಬಿಡಿಯಾಗಿ ಮಾರುವುದು ಬೇಡ ಎಂದು ಬರೆದವನೂ ನಾನೇ. ನಂಬುತ್ತೀಯೋ ಇಲ್ಲವೋ, ಬರೆಯುವಾಗ ನಿನ್ನನ್ನೇ ನೆನೆಸಿಕೊಂಡಿದ್ದೆ. ಅದೇ ಮೆಷಿನ್ನನ್ನು ನೀನು ಎರಡೆರಡು ಸಲ ಬಿಚ್ಚುವುದು, ನೆಲದ ಮೇಲೆ ಮಗ್ಗುಲಾಗಿ ಮಲಗಿ ಪಂಪಿಗೆ ಕೈ ಹಾಕುವುದು ತಪ್ಪಲಿ ಎಂದು. ಮೇಲಿನವರು ಮೆಚ್ಚಿದರು. ಅವರು ಮೆಚ್ಚಿದ್ದು ಬೇರೆ ಕಾರಣಕ್ಕೆ ಎಂದು ನನಗೆ ತಿಳಿಯಲು ತಡವಾಯಿತು.

ನಿನ್ನ ಕಾಗದ ಬಂದ ಮೇಲೆ ಅವರ ಕೈಕಾಲು ಹಿಡಿದು ನಿಮ್ಮ ಡೀಲರನಿಗೆ ಮಾತ್ರ ಒಂದು ತಿಂಗಳ ಪ್ರಯೋಗವೆಂದು ಅರ್ಧ ಬೆಲೆ ಮಾಡಿಸಿದೆ. ಬೆಲೆ ಇಳಿದರೆ ಹೆಚ್ಚು ಜನ ಕೊಳ್ಳುತ್ತಾರೆ, ಆಗ ಎಲ್ಲ ಕಡೆಯೂ ಇಳಿಸಬಹುದು ಎಂದು ವಾದಿಸಿದ್ದೆ. ತಿಂಗಳಲ್ಲಿ ನಿಮ್ಮ ಊರಿನಲ್ಲಿ ಒಂದೂ ಹೋಗಲಿಲ್ಲ. "ನೋಡಿದ್ರಾ, ಅಗ್ಗ ಮಾಡಿದ್ರೆ ಜನ ನಂಬಲ್ಲ, ಏರಿಸಿ" ಎಂದರು ಮೇಲಿನವರು. ಯಾಕೆ ಹೋಗಲಿಲ್ಲ ಎಂದು ನಿನ್ನ ಹೀಟರ್ ಕಾಯಿಲ್ ಕಥೆ ಓದಿ ಗೊತ್ತಿತ್ತು, ಅಗ್ಗವಾದದ್ದಕ್ಕೇ ಜನ ಹೆದರುತ್ತಾರೆ ಎಂಬುದು ಮಾತ್ರ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಟೀಚರಮ್ಮನಿಗೆ ಹೇಳಬೇಡ. ಬೀದಿಯಲ್ಲಿ ಯಾರಿಗೂ ಹೇಳಬೇಡ. ನಿನಗೇ ಕೆಟ್ಟ ಹೆಸರು ಬರುತ್ತದೆ.

ತಮ್ಮ


ಸೆಪ್ಟೆಂಬರ್ ೯

ಅಕ್ಕಾ,

ಉತ್ತರ ಬಂದಿಲ್ಲ. ಬೈದಾದರೂ ಬರೆ. ವಾಷರ್ ಇನ್ನೂ ನನ್ನ ಮೇಜಿನ ಮೇಲೇ ಇದೆ.

ತಮ್ಮ


ಸೆಪ್ಟೆಂಬರ್ ೨೧

ಕುಳ್ಳಾ,

ಬರೆಯಲಿಲ್ಲ, ಯಾಕೆಂದರೆ ಯಾರ ಮೇಲೆ ಸಿಟ್ಟಾಗಬೇಕು ಎಂದೇ ತಿಳಿಯಲಿಲ್ಲ. ನಿನ್ನ ಮೇಲೆ ಎಂದರೆ ಬೆಲೆ ಇಳಿಸಿದ್ದು ನನಗಾಗಿ. ಸರಿ, ಬಿಡೋಣ ಎಂದರೆ ವಾಷರ್ ನಿಲ್ಲಿಸಿದವನೂ ನೀನೇ, ಅದೂ ನನಗಾಗಿಯೇ! ಮೆಷಿನ್ ಎರಡು ಸಲ ಬಿಚ್ಚುವುದು ನನಗೆ ಕಷ್ಟವೆಂದು ನಿನಗೆ ಯಾರು ಹೇಳಿದರು? ಬಿಚ್ಚುವುದೇ ನನ್ನ ಅನ್ನ. ಒಂದು ಸಲ ಕೇಳಬಾರದಿತ್ತೇ? ನಾನೂ ಕೇಳಲಿಲ್ಲ ಬಿಡು. ನೀನು ನಂಬು ಎಂದೆ, ನಾನು ರಬ್ಬರ್ ಎಳೆದು ನೋಡುತ್ತಾ ಕೂತೆ.

ಶಾಪವನ್ನು ಮಾತ್ರ ಕಾಗದ ಓದಿದ ದಿನವೇ ವಾಪಸು ತೆಗೆದುಕೊಂಡೆ. ಆ ಕೈ ಹಿಡಿದುಕೊಂಡು ಶಾಲೆಗೆ ಕರೆದೊಯ್ದವಳು ನಾನು. ಒಬ್ಬಳೇ ಕೂತು ಅತ್ತೆ. ನಿನಗೆ ಏನೂ ಆಗಿಲ್ಲ ತಾನೇ?

ಹೇಳಬೇಡ ಎಂದು ನೀನು ಬರೆದಿದ್ದೆ. ಹೇಳಿದೆ. ಆಣೆ ಮಾಡಿ ಹೇಳಿದ ಸುಳ್ಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅಂಗಡಿಯ ಬಾಗಿಲು ತೆಗೆಯಲು ನನ್ನಿಂದ ಆಗುವುದಿಲ್ಲ.

ಟೀಚರಮ್ಮ ಅಂಗಳದಲ್ಲಿ ಹೊದಿಕೆ ಹಿಂಡುತ್ತಿದ್ದರು. ನಾನು ಕೇಳದೆಯೇ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಎದುರುಬದುರು ತಿರುಗಿಸುತ್ತಾ ನಿಂತಾಗ ಹೇಳಿದೆ:

"ನಾನು ನಿಮಗೆ ಸುಳ್ಳು ಹೇಳ್ದೆ ಟೀಚರಮ್ಮ. ಗೊತ್ತಿಲ್ದೇ ಹೇಳ್ದೆ. ಬೆಲೆ ಇಡೋನು ನನ್ನ ತಮ್ಮನೇ."

"ಯಾರು, ನಮ್ಮ ಕುಳ್ಳನಾ?"

"ಹೂಂ. ಇಳಿಸಿದ್ದೂ ಅವನೇ. ಹೆದರಿಕೊಂಡು ನಿಮ್ಮನ್ನ ತಡೆದೋಳು ನಾನು. ಚೀಟಿ ಅಂಟಿಸಿದೋರು ಕಂಪನಿಯೋರು. ಇಷ್ಟೇ ನಿಜ. ಇದ್ರಲ್ಲಿ ಯಾವುದು ಯಾಕೆ ಅಂತ ನನ್ನ ಕೇಳ್ಬೇಡಿ, ನಂಗೂ ಸರಿಯಾಗಿ ಅರ್ಥ ಆಗಿಲ್ಲ."

ಅವರು ಹೊದಿಕೆ ಬಿಡಲಿಲ್ಲ. ನೀರೆಲ್ಲ ಇಳಿದು ಹನಿ ನಿಲ್ಲುವವರೆಗೂ ಹಿಂಡಿದರು, ತಂತಿಗೆ ಹಾಕಿ ಕ್ಲಿಪ್ ಸಿಕ್ಕಿಸಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಒಳಗೆ ಬಾ" ಎಂದರು.

ಬೀದಿಗೆ ನಾನೇ ಹೇಳಿದೆ, ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು. ಈಗ ಬೀದಿಗೆ ಎಲ್ಲವೂ ಸ್ಪಷ್ಟವಾಗಿದೆಯಂತೆ: ಅಕ್ಕ ತಮ್ಮ ಸೇರಿ ದುಡ್ಡು ತಿನ್ನುತ್ತಿದ್ದಾರೆ! ನೀನು ಹೆದರಿದ್ದು ನಿಜವಾಯಿತು. ದರ್ಜಿ ಮಾತ್ರ ತನ್ನ ಹೊಲಿಗೆ ಮೆಷಿನ್ ಮೋಟಾರು ತಂದುಕೊಟ್ಟ. "ಇಷ್ಟು ದಿನ ಯಾರನ್ನ ಬೈಬೇಕು ಅಂತ್ಲೇ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ, ಅಷ್ಟು ಸಾಕು" ಎಂದ. ಉಳಿದವರು ಬರುತ್ತಾರೋ ಇಲ್ಲವೋ ನನಗೆ ತಿಳಿಯದು.

ನನಗಾಗಿ ಅಗ್ಗ ಮಾಡಬೇಡ. ನನ್ನ ಬೆನ್ನಿನ ಚಿಂತೆಯೂ ಬೇಡ. ಆಗುವುದಾದರೆ ವಾಷರನ್ನು ಬಿಡಿಯಾಗಿ ಕೊಡಿಸು. ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದು ಬಂದು ಹೇಳು. ಕಾಗದದಲ್ಲಿ ಬರೆಯಬೇಡ, ನಿನ್ನ ಕಾಗದ ಓದುವಾಗ ಎಲ್ಲವೂ ಸರಿ ಅನ್ನಿಸಿಬಿಡುತ್ತದೆ.

ಟೀಚರಮ್ಮನ ಮೆಷಿನ್ ಮೊನ್ನೆ ಮತ್ತೆ ಅದೇ ಕೈಗಾಡಿಯಲ್ಲಿ ಅಂಗಡಿಗೆ ಬಂತು. ಹಿಂದೆಯೇ ಟೀಚರಮ್ಮನೂ ಬಂದರು. ಪಂಪು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೇನೆ. ಹೊಸ ಸೆಟ್ಟು ಹಾಕಲು ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದರು:

"ಶಾಲೇಲೂ ಅವನು ಹೀಗೇ. ಲೆಕ್ಕ ಕೊಟ್ರೆ ಬರೀ ಉತ್ತರ ಬರೆದು ಓಡ್ತಿದ್ದ. ಉತ್ತರ ಸರಿ ಇದ್ರೂ ನಾನು ಅರ್ಧ ಅಂಕಾನೇ ಕೊಡ್ತಿದ್ದೆ. ಅವನಿಗೆ ಬರೆ, ಉತ್ತರ ಡಬ್ಬದ ಮೇಲಿದೆ, ನಾನು ನೋಡ್ದೆ. ಬಂದು ಮಾಡಿದ ಕ್ರಮ ತೋರಿಸು ಅಂತ."

ಬರೆದಿದ್ದೇನೆ. ಅವರು ದಿನಾ ಬೆಳಿಗ್ಗೆ ಬಂದು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನೀನು ಬರುವವರೆಗೆ ಅವರ ಬಟ್ಟೆಯನ್ನು ನಾನೇ ಹಿಂಡಿಕೊಡುತ್ತಿದ್ದೇನೆ. ಬಾ.

ಬರುವಾಗ ಆ ವಾಷರ್ ತೆಗೆದುಕೊಂಡು ಬಾ. ಅದು ಅವರದು.

ನಿನ್ನ ಅಕ್ಕ